ಚೀನಾದಲ್ಲಿ ವರ್ಷದ ಬಾಡಿಗೆ ಒಟ್ಟಿಗೆ ಕೊಟ್ಟು ಕೈಸುಟ್ಟುಕೊಂಡೆವು, ನೀವು ಕೊಡಬೇಡಿ

ಕೆಲಸಕ್ಕೆ ಅಂತ ಚೀನಾಕ್ಕೆ ಹೊರಟವರು, ಅದರಲ್ಲೂ ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದು ರೂಢಿ ಇರುವವರು, ಇದನ್ನು ಪೂರ್ತಿ ಓದಿ. ಯಾಕೆ ಬೆಂಗಳೂರಿನವರು ಅಂತ ಬೇರೆ ಹೇಳಿದೆ ಅಂದರೆ, ನಾನು ಮೋಸ ಹೋಗಿದ್ದು ಆ ರೂಢಿಯಿಂದಲೇ. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು, ಭೋಗ್ಯಕ್ಕೆ ಲಕ್ಷಗಟ್ಟಲೆ ಹಾಕಿ ಬದುಕಿದವರಿಗೆ ಮನೆಗೆ ಅಂತ ಒಂದೇ ಸಲ ದೊಡ್ಡ ಮೊತ್ತ ಕೊಡುವುದು ವಿಚಿತ್ರ ಅನ್ನಿಸುವುದೇ ಇಲ್ಲ.

2023ರ ಸೆಪ್ಟೆಂಬರ್‌ನಲ್ಲಿ ನಾನು, ಹೆಂಡತಿ, ಮೂರು ವರ್ಷದ ಮಗಳು ಹಾಂಗ್‌ಝೌ ನಗರಕ್ಕೆ ಬಂದಿಳಿದೆವು. ಊರಿನ ಪೂರ್ವಕ್ಕೆ ಶ್ಯಾಶಾ ಅಂತ ಒಂದು ಭಾಗ, ಕಾಲೇಜುಗಳೂ ಕಾರ್ಖಾನೆಗಳೂ ಇರುವ ಜಾಗ. ಅಲ್ಲಿ ಎರಡು ಕೋಣೆಯ ಮನೆ ಇಷ್ಟವಾಯಿತು. ಮನೆ ತೋರಿಸಿದ ಹುಡುಗ ಬಾಡಿಗೆ ಮನೆ ನಡೆಸುವ ಒಂದು ಕಂಪನಿಯವನು. ತಿಂಗಳ ಬಾಡಿಗೆ 3,500 ಯುವಾನ್, ವರ್ಷದ್ದು ಒಟ್ಟಿಗೆ ಕಟ್ಟಿದರೆ 3,000 ಅಂದ. ಕಟ್ಟಿಬಿಟ್ಟೆ. ಡಿಪಾಸಿಟ್ ಸೇರಿ 39,000 ಯುವಾನ್, ಆಗಿನ ಲೆಕ್ಕದಲ್ಲಿ ನಾಲ್ಕೂವರೆ ಲಕ್ಷ ರೂಪಾಯಿಯ ಹತ್ತಿರ. ಇಡೀ ವರ್ಷ ನೆಮ್ಮದಿ ಅಂತ ಅವತ್ತು ರಾತ್ರಿ ಅಪ್ಪನಿಗೆ ಫೋನ್ ಮಾಡಿ ಹೇಳಿದ್ದೆ.

ಮೊದಲ ಸುಳಿವು ಸಿಕ್ಕಿದ್ದು ಪೊಲೀಸ್ ಠಾಣೆಯಲ್ಲಿ. ಚೀನಾದಲ್ಲಿ ವಿದೇಶಿಯರು ಹೋಟೆಲಿನಲ್ಲಿ ಇಳಿದರೆ ನೋಂದಣಿಯನ್ನು ಹೋಟೆಲಿನವರೇ ಮಾಡುತ್ತಾರೆ. ಮನೆಗೆ ಹೋದರೆ 24 ಗಂಟೆಯೊಳಗೆ ಆ ಬಡಾವಣೆಯ ಪೊಲೀಸರಲ್ಲಿ ನಾವೇ ವಿಳಾಸ ನೋಂದಾಯಿಸಬೇಕು. ತಪ್ಪಿದರೆ ಎಚ್ಚರಿಕೆ, ಜೊತೆಗೆ 2,000 ಯುವಾನ್ ತನಕ ದಂಡ ಹಾಕಲು ಅವಕಾಶವಿದೆ. ಇದಕ್ಕೆ ಮನೆಯ ಹಕ್ಕುಪತ್ರದ ಪ್ರತಿ ಕೇಳಿದರೆ ಆ ಹುಡುಗ ಇವತ್ತು, ನಾಳೆ ಅಂತ ಹನ್ನೊಂದು ದಿನ ಸತಾಯಿಸಿದ. 'ಯಾರೂ ಮಾಡಿಸಲ್ಲ, ಬಿಡಿ' ಅಂತಲೂ ಅಂದ. ಕೊನೆಗೆ ಒಂದು ಮಸುಕು ಫೋಟೋ ಕಳಿಸಿದ. ಆಫೀಸಿನ ಗೆಳೆಯನ ಜೊತೆ ಠಾಣೆಗೆ ಹೋದೆ. ತಡವಾಗಿದ್ದಕ್ಕೆ ಎಚ್ಚರಿಕೆ ಬರೆದುಕೊಟ್ಟ ಪೊಲೀಸಮ್ಮ, ಕರಾರಿನ ಕೆಳಗಿದ್ದ ಹೆಸರನ್ನೂ ಹಕ್ಕುಪತ್ರದ ಹೆಸರನ್ನೂ ಪೆನ್ನಿನ ತುದಿಯಿಂದ ಒಂದಾದ ಮೇಲೊಂದು ತೋರಿಸಿ ಏನೋ ಹೇಳಿದರು. 'ಎರಡೂ ಬೇರೆ ಬೇರೆ ಹೆಸರು ಅಂತಿದ್ದಾರೆ' ಅಂದ ಗೆಳೆಯ. ಕಂಪನಿ ನಡುವೆ ಇದೆಯಲ್ಲ, ಇರಬಹುದು ಅಂದುಕೊಂಡು ಚೀಟಿ ಹಿಡಿದು ಮನೆಗೆ ಬಂದೆ. ಆ ಪೆನ್ನಿನ ತುದಿ ಈಗಲೂ ಕಣ್ಣ ಮುಂದಿದೆ.

ಡಿಸೆಂಬರ್‌ನ ಒಂದು ಭಾನುವಾರ. ಹಾಂಗ್‌ಝೌ ಚಳಿ ಎಲುಬಿಗೆ ತಾಗುತ್ತದೆ. ಉತ್ತರದ ಊರುಗಳಲ್ಲಿರುವಂತೆ ಮನೆಮನೆಗೆ ಬಿಸಿ ಹರಿಸುವ ಸರ್ಕಾರಿ ಏರ್ಪಾಡು ಇಲ್ಲಿಲ್ಲ. ಸ್ವೆಟರ್ ಹಾಕಿಕೊಂಡೇ ಸಾರಿಗೆ ಒಗ್ಗರಣೆ ಕೊಡುತ್ತಿದ್ದೆ. 'ರೀ, ಯಾರೋ ಬಾಗಿಲು ಬಡೀತಿದಾರೆ ನೋಡಿ' ಅಂದಳು ಹೆಂಡತಿ. ಬಾಗಿಲಲ್ಲಿ ಅರವತ್ತು ದಾಟಿದ ಹೆಂಗಸು, ಎದೆಗವಚಿಕೊಂಡ ಪ್ಲಾಸ್ಟಿಕ್ ಚೀಲದೊಳಗೆ ಕೆಂಪು ರಟ್ಟಿನ ಪುಸ್ತಕ. ಅದೇ ಹಕ್ಕುಪತ್ರ. ಅಲ್ಲಿ ಹಿರಿಯ ಹೆಂಗಸರನ್ನು ಕರೆಯುವುದು 'ಆಯಿ' ಅಂತ. ನಮ್ಮ ಶಿರಸಿ ಕಡೆ ಅಮ್ಮನನ್ನು ಕರೆಯುವ ಹಾಗೇ ಕೇಳಿಸುತ್ತದೆ. ಆಯಿ ಸೋಫಾದ ಅಂಚಿನಲ್ಲಿ ಕೂತು ಫೋನಿಗೆ ಹೇಳಿದ್ದನ್ನು ಅದು ಇಂಗ್ಲಿಷಿಗೆ ತಿರುಗಿಸಿತು: ಎರಡು ತಿಂಗಳಿಂದ ನನಗೆ ಬಾಡಿಗೆ ಬಂದಿಲ್ಲ, ನೀವು ಮನೆ ಬಿಡಬೇಕು.

ಕಂಪನಿಯ ಹುಡುಗನಿಗೆ ವೀಚಾಟ್‌ನಲ್ಲಿ ಮೆಸೇಜ್ ಹಾಕಿದೆ, ಅಲ್ಲಿ ಮಾತಿಗೂ ಹಣ ಕಳಿಸುವುದಕ್ಕೂ ಬಳಸುವ ಆ್ಯಪ್ ಅದು. ಪಕ್ಕದಲ್ಲೇ ಕೆಂಪು ಆಶ್ಚರ್ಯಸೂಚಕ ಬಂತು, ನಮ್ಮನ್ನು ಬ್ಲಾಕ್ ಮಾಡಿದ್ದ. ಕಂಪನಿಯ ಆಫೀಸಿಗೆ ಓಡಿದರೆ ಬೀಗ, ಮುಂದೆ ನಮ್ಮಂತೆಯೇ ಕರಾರು ಹಿಡಿದು ನಿಂತ ಹತ್ತಾರು ಜನ.

ಆಯಿಯ ಲೆಕ್ಕ ಕೇಳಿದ ಮೇಲೆ ಆಟ ಅರ್ಥವಾಯಿತು. ಕಂಪನಿ ಆಕೆಗೆ ಒಪ್ಪಿಕೊಂಡಿದ್ದು ತಿಂಗಳಿಗೆ 3,600. ನನ್ನಿಂದ ತೆಗೆದುಕೊಂಡಿದ್ದು 3,000. ಪ್ರತಿ ತಿಂಗಳೂ ನಷ್ಟವಾಗುವ ವ್ಯಾಪಾರವನ್ನು ಯಾರಾದರೂ ಯಾಕೆ ಮಾಡುತ್ತಾರೆ? ಬಾಡಿಗೆದಾರರಿಂದ ವರ್ಷದ್ದು ಒಂದೇ ಸಲ ಬರುತ್ತದೆ, ಮಾಲೀಕರಿಗೆ ತಿಂಗಳು ತಿಂಗಳು ಕೊಟ್ಟರಾಯಿತು, ಉಳಿದ ರಾಶಿ ದುಡ್ಡು ಅವರ ಕೈಯಲ್ಲಿ. ಹೊಸ ಬಾಡಿಗೆದಾರರು ಸಿಗುತ್ತಲೇ ಇರುವ ತನಕ ಗಾಡಿ ಓಡುತ್ತದೆ. 2020ರಲ್ಲಿ ಇಂಥ ಕಂಪನಿಗಳು ಮುಗ್ಗರಿಸಿ ಹಲವು ನಗರಗಳಲ್ಲಿ ಬಾಡಿಗೆದಾರರೂ ಮಾಲೀಕರೂ ಒಟ್ಟಿಗೆ ಬೀದಿಗೆ ಬಿದ್ದಿದ್ದರಂತೆ. ಅದಾದ ಮೇಲೆ 2021ರಲ್ಲಿ, ಇಂಥ ಕಂಪನಿಗಳು ಒಂದೇ ಸಲಕ್ಕೆ ಮೂರು ತಿಂಗಳಿಗಿಂತ ಹೆಚ್ಚು ಬಾಡಿಗೆ ತೆಗೆದುಕೊಂಡರೆ ಅದು ನಿಗಾ ಇರುವ ಬ್ಯಾಂಕ್ ಖಾತೆಗೆ ಹೋಗಬೇಕು ಅಂತ ಸರ್ಕಾರ ಸೂಚನೆ ಹೊರಡಿಸಿತು. ಇದೆಲ್ಲ ನನಗೆ ತಿಳಿದಿದ್ದು ದುಡ್ಡು ಹೋದ ಮೇಲೆ. ನಾನು ಕಟ್ಟಿದ್ದು ಆ ಹುಡುಗನ ಸ್ವಂತ ವೀಚಾಟ್‌ಗೆ.

ಠಾಣೆಯಲ್ಲಿ ಹೇಳಿಕೆ ಬರೆದುಕೊಂಡರು, ಹಣದ ವಿಚಾರಕ್ಕೆ ಕೋರ್ಟಿಗೆ ಹೋಗಿ ಅಂದರು. 12345ಕ್ಕೆ ಕರೆ ಮಾಡಿದೆ, ಅದು ನಗರಾಡಳಿತದ ದೂರಿನ ಸಂಖ್ಯೆ. ಬಡಾವಣೆಯ ಸಮಿತಿಯವರು ನಮ್ಮನ್ನೂ ಆಯಿಯನ್ನೂ ಕೂರಿಸಿ ಮಾತಾಡಿಸಿದರು. ಆಯಿ ಕೆಟ್ಟವರಲ್ಲ. ಮಗಳು ಮಲಗಿದ್ದನ್ನು ನೋಡಿ ದನಿ ತಗ್ಗಿಸಿ ಮಾತಾಡಿದವರು. ಅರ್ಧ ಬಾಡಿಗೆಗೆ ಜನವರಿ ಕೊನೆ ತನಕ ಇರಲು ಬಿಟ್ಟರು. ನಮ್ಮ 39,000ದಲ್ಲಿ ಒಂದು ಯುವಾನೂ ವಾಪಸ್ ಬಂದಿಲ್ಲ.

ಹಾಗಾಗಿ ಕೇಳಿಕೊಳ್ಳುತ್ತೇನೆ. ಮನೆ ಹಿಡಿದು ಮತ್ತೊಬ್ಬರಿಗೆ ಬಾಡಿಗೆಗೆ ಕೊಡುವವರನ್ನು ಅಲ್ಲಿ 'ಅರ್ ಫಾಂಗ್‌ದೊಂಗ್' ಅಂತಾರೆ, ಎರಡನೇ ಮಾಲೀಕ ಅಂತ ಅರ್ಥ. ಅವರೆಲ್ಲ ಕಳ್ಳರಲ್ಲ. ಆದರೆ 2021ರಿಂದ ಜಾರಿಯಲ್ಲಿರುವ ಅಲ್ಲಿನ ನಾಗರಿಕ ಸಂಹಿತೆಯ ಪ್ರಕಾರ ಹಾಗೆ ಮರುಬಾಡಿಗೆ ಕೊಡಲು ಮೂಲ ಮಾಲೀಕರ ಒಪ್ಪಿಗೆ ಬೇಕು. ಆ ಒಪ್ಪಿಗೆಯನ್ನು ಕಾಗದದಲ್ಲಿ ಕೇಳಿ. ಹಕ್ಕುಪತ್ರದ ಫೋಟೋ ಸಾಲದು, ಪುಸ್ತಕವನ್ನೇ ನೋಡಿ, ಅದರಲ್ಲಿರುವ ಹೆಸರು, ಗುರುತಿನ ಚೀಟಿಯ ಹೆಸರು, ಹಣ ಹೋಗುವ ಖಾತೆಯ ಹೆಸರು ಮೂರನ್ನೂ ಅಕ್ಷರಕ್ಕೆ ಅಕ್ಷರ ಹೋಲಿಸಿ. ಚೀನೀ ಓದಲು ಬರದಿದ್ದರೂ ಆಕಾರ ಒಂದೇನಾ ಅಂತ ಕಣ್ಣಿಗೆ ಕಾಣುತ್ತದೆ. ಎಷ್ಟೇ ರಿಯಾಯಿತಿ ಕೊಟ್ಟರೂ ಮೂರು ತಿಂಗಳಿಗಿಂತ ಹೆಚ್ಚು ಕಟ್ಟಬೇಡಿ. ಮಾರುಕಟ್ಟೆಗಿಂತ ಅಗ್ಗ ಅಂದಾಗಲೇ ಎದ್ದು ಬನ್ನಿ.

ಪೊಲೀಸ್ ನೋಂದಣಿಯನ್ನು ರಗಳೆ ಅಂದುಕೊಳ್ಳಬೇಡಿ. ದುಡ್ಡು ಕೊಡುವ ಮುಂಚೆಯೇ 'ನನ್ನ ಜೊತೆ ಠಾಣೆಗೆ ಬರ್ತೀರಾ' ಅಂತ ಕೇಳಿ. ಮನೆ ಬದಲಾಯಿಸಿದಾಗ ಮತ್ತೆ ನೋಂದಣಿ ಆಗಬೇಕು. ಗೊಂದಲವಾದರೆ 12367ಕ್ಕೆ ಕರೆ ಮಾಡಿ, ವಲಸೆ ಇಲಾಖೆಯವರು ಇಂಗ್ಲಿಷಿನಲ್ಲೂ ಉತ್ತರಿಸುತ್ತಾರೆ.

ಜನವರಿಯಲ್ಲಿ ಮತ್ತೆ ಮನೆ ಹುಡುಕುವಾಗ ಗೆಳೆಯ ಒಂದು ವಾಕ್ಯ ಕಲಿಸಿಕೊಟ್ಟ: 'ನಿ ಶಿ ಫಾಂಗ್‌ದೊಂಗ್ ಬೆನ್‌ರೆನ್ ಮಾ?' ನೀವು ಖುದ್ದು ಮಾಲೀಕರೇನಾ ಅಂತ. ಅದನ್ನೂ ಠಾಣೆಯ ಮಾತನ್ನೂ ಸೇರಿಸಿ ನಾಲ್ಕು ಜನಕ್ಕೆ ಕಳಿಸಿದೆ. ಮೂವರು ಉತ್ತರವನ್ನೇ ಕೊಡಲಿಲ್ಲ. ನಾಲ್ಕನೆಯವರು ಕೆಂಪು ಪುಸ್ತಕ ಹಿಡಿದುಕೊಂಡು ನಮಗಿಂತ ಮೊದಲೇ ಠಾಣೆಯ ಬಾಗಿಲಲ್ಲಿ ನಿಂತಿದ್ದರು.