ಕಾಫಿ ತೋಟದಲ್ಲಿ ಜಿಂಕೆ ಬೇಟೆಯ ಬ್ಲೈಂಡ್: ಕ್ಯಾಮೆರಾದವರಿಗೆ ಎಷ್ಟು ಆಗಿಬರುತ್ತದೆ?

ಅಮೆರಿಕದಲ್ಲಿ ಬಿಲ್ಲು ಹಿಡಿದು ಜಿಂಕೆಗೆ ಕಾಯುವವರಿಗೆಂದು ಮಾಡಿದ ಬಟ್ಟೆಯ ಗೂಡು ಈ ಗ್ರೌಂಡ್ ಬ್ಲೈಂಡ್. ಮಲೆನಾಡಿನ ಹಳಬರು ಮರದ ಮೇಲೆ ಅಡಗಿ ಮರಸಿಗೆ ಕೂರುತ್ತಿದ್ದರಲ್ಲ, ಅದನ್ನೇ ನೆಲಕ್ಕಿಳಿಸಿದ ಹಾಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇರುವಾಗ ನಮ್ಮಲ್ಲಿ ಕಡವೆ, ಚುಕ್ಕೆ ಜಿಂಕೆ, ಕಾಡುಕುರಿ (ಬೊಗಳುವ ಜಿಂಕೆ) ಯಾವುದನ್ನೂ ಬೇಟೆಯಾಡುವಂತಿಲ್ಲ, ಆಡಲೂಬಾರದು. ಆದ್ದರಿಂದ ಇದು ಮೂಡಿಗೆರೆ, ಬೇಲೂರು, ಸಕಲೇಶಪುರದ ಕಡೆ ಸ್ವಂತ ತೋಟದಲ್ಲೋ ತೋಟದವರ ಒಪ್ಪಿಗೆ ಪಡೆದೋ ಕ್ಯಾಮೆರಾ ಹಿಡಿದು ಕೂರುವವರಿಗಾಗಿ ಬರೆದದ್ದು. ಭದ್ರಾ ಹುಲಿ ಮೀಸಲು ಪ್ರದೇಶದೊಳಗೆ ಅರಣ್ಯ ಇಲಾಖೆಯ ಅನುಮತಿ ಇಲ್ಲದೆ ಇದನ್ನು ಬಿಚ್ಚುವ ಮಾತೇ ಇಲ್ಲ.

ಹೆಚ್ಚಾಗಿ ಸಿಗುವುದು ಐದು ಹಬ್ಬಿನ, ಅಂದರೆ ಕಡ್ಡಿಗಳು ಕೂಡುವ ಐದು ಗಂಟುಗಳ ಮಾದರಿ. ನಾಲ್ಕು ಗೋಡೆ, ಒಂದು ಛಾವಣಿ, ಪ್ರತಿಯೊಂದರ ನಡುವೆ ಒಂದು ಹಬ್, ಅದರಿಂದ ಮೂಲೆಗಳಿಗೆ ಚಾಚುವ ಫೈಬರ್ ಕಡ್ಡಿಗಳು. ಬುಡ ಸುಮಾರು 5 ಅಡಿ ಚೌಕ, ಎತ್ತರ ಐದೂವರೆ ಅಡಿ, ತೂಕ 7ರಿಂದ 9 ಕಿಲೋ. ಮೊದಲು ಛಾವಣಿಯ ಹಬ್ ಮೇಲಕ್ಕೆ ತಳ್ಳಬೇಕು, ಆಮೇಲೆ ಒಂದೊಂದೇ ಗೋಡೆಯ ನಡುವಿನ ಪಟ್ಟಿ ಹಿಡಿದು ಹೊರಗೆ ಎಳೆಯಬೇಕು. ಟಪ್ಪೆಂದು ಉಬ್ಬಿ ನಿಲ್ಲುತ್ತದೆ. ಎಳೆಯುವಾಗ ಮುಖ ಪಕ್ಕಕ್ಕಿರಲಿ. ಮಡಚುವಾಗ ಮೊದಲು ಗೋಡೆ, ಕೊನೆಗೆ ಛಾವಣಿ. ಈ ಕ್ರಮ ತಪ್ಪಿಸಿ ಬಲ ಹಾಕಿದರೆ ಕಡ್ಡಿ ಹಬ್ಬಿನ ಬಾಯಲ್ಲೇ ಸೀಳುತ್ತದೆ. ಸೀಳಿದ ಫೈಬರನ್ನು ಬರಿಗೈಯಲ್ಲಿ ಮುಟ್ಟಬೇಡಿ, ಕಣ್ಣಿಗೆ ಕಾಣದ ಮುಳ್ಳುಗಳು ಚರ್ಮದೊಳಗೆ ಹೋಗುತ್ತವೆ. ಕೊಳ್ಳುವಾಗಲೇ ಬಿಡಿ ಕಡ್ಡಿ ಸಿಗುತ್ತದೆಯೇ ಎಂದು ಕೇಳಿಕೊಳ್ಳಿ.

ನಮ್ಮ ತೋಟಗಳಲ್ಲಿ ಮೊದಲ ತೊಂದರೆ ಜಾಗದ್ದು. ಉಬ್ಬಿದ ಹಬ್ಬುಗಳನ್ನೂ ಸೇರಿಸಿದರೆ ಗೂಡಿಗೆ ಆರು ಅಡಿಗಿಂತ ಹೆಚ್ಚು ಬೇಕು. ಅರೇಬಿಕಾ ಸಾಲಿನ ಅಂತರವೇ ಸುಮಾರು ಆರು ಅಡಿ, ಅದರಲ್ಲೂ ಗಿಡದ ರೆಕ್ಕೆಗಳು (ಅಡ್ಡ ಕೊಂಬೆಗಳು) ಒಂದಕ್ಕೊಂದು ತಾಗಿಕೊಂಡಿರುತ್ತವೆ. ಅಲ್ಲಿ ತೂರಿಸಿದರೆ ಗೋಡೆ ಪೂರ್ತಿ ಉಬ್ಬದೆ ಬಟ್ಟೆ ಸಡಿಲವಾಗಿ ಪಟಪಟ ಬಡಿಯುತ್ತದೆ. ಹತ್ತು ಅಡಿ ಅಂತರದ ರೋಬಸ್ಟಾದಲ್ಲಿ, ಗಿಡ ಸತ್ತ ಖಾಲಿ ಗುಂಡಿಯ ಬಳಿ, ಇಲ್ಲವೇ ತೋಟದ ರಸ್ತೆಯ ಅಂಚಿನಲ್ಲಿ ಚೆನ್ನಾಗಿ ಕೂರುತ್ತದೆ.

ಎರಡನೆಯದು ಕಿಟಕಿಯ ಎತ್ತರ. ಬಿಲ್ಲು ಎಳೆಯುವವನ ಲೆಕ್ಕಕ್ಕೆ ಹೊಲಿದ ಕಿಟಕಿ ನೆಲದಿಂದ ಎರಡೂವರೆ ಮೂರು ಅಡಿ ಮೇಲಿರುತ್ತದೆ. ಕಾಡುಕುರಿಗೆ ಅದು ಸಾಕು. ತರಗೆಲೆ ಕೆದಕುವ ನವರಂಗದಂಥ ಹಕ್ಕಿಗೆ ಮಾತ್ರ ಚಿತ್ರ ಮೇಲಿನಿಂದ ಬಗ್ಗಿ ನೋಡಿದಂತೆ ಬರುತ್ತದೆ. ಇಳಿಜಾರಿನ ತೋಟವಾದರೆ ಇದಕ್ಕೆ ಸುಲಭದ ಉಪಾಯವಿದೆ. ಹಕ್ಕಿ ಓಡಾಡುವ ಪಟ್ಟಿಗಿಂತ ಒಂದು ಮೆಟ್ಟಿಲು ಕೆಳಗೆ ಗೂಡು ಹೂಡಿದರೆ ಲೆನ್ಸ್ ಮೇಲಿನ ಮೆಟ್ಟಿಲಿನ ನೆಲಕ್ಕೆ ಸರಿಸಮನಾಗುತ್ತದೆ. ಬಯಲಿನಲ್ಲಿ ಕೂರುವವರು ತಳದವರೆಗೆ ಕಿಟಕಿ ಇರುವ ಮಾದರಿಯನ್ನೇ ಹುಡುಕಬೇಕು.

ಈ ಗೂಡಿನ ನಿಜವಾದ ಗುಣ ಒಳಗಿನ ಕಪ್ಪು ಬಣ್ಣ. ಕತ್ತಲೆಯೇ ನಮ್ಮನ್ನು ಮರೆಮಾಡುವುದು, ಹೊರಗಿನ ಎಲೆಚಿತ್ತಾರ ಅಷ್ಟಕ್ಕಷ್ಟೇ. ಆದ್ದರಿಂದ ಎದುರಿನ ಒಂದೋ ಎರಡೋ ಕಿಟಕಿ ಮಾತ್ರ ತೆರೆಯಿರಿ. ಬೆನ್ನ ಹಿಂದಿನದನ್ನು ತೆರೆದರೆ ಬೆಳಕು ತೂರಿ ಬಂದು ಕೈಯಾಡಿಸಿದ್ದೆಲ್ಲ ನೆರಳಾಗಿ ಕಾಣುತ್ತದೆ. ಕಪ್ಪು ಅಂಗಿ, ಕಪ್ಪು ಕೈಗವಸು ಹಾಕಿ. ಲೆನ್ಸ್ ಮೂತಿ ಕಿಟಕಿಯಿಂದ ಒಂದು ಅಡಿ ಒಳಗೇ ಇರಲಿ. ಕಿಟಕಿಯ ಬಲೆಯ ಮೂಲಕ ಚಿತ್ರ ತೆಗೆದರೆ ಮಂಜು ಕವಿದಂತೆ ಬರುತ್ತದೆ, ಬಲೆಯನ್ನು ಲೆನ್ಸಿನಷ್ಟೇ ಸರಿಸಿ. ಕಿಟಕಿಗೆ ವೆಲ್ಕ್ರೋ ಇರುವುದನ್ನು ಕೊಳ್ಳಲೇಬೇಡಿ. ಬೆಳಗಿನ ಮೌನದಲ್ಲಿ ಅದರ ಚರ್ರನೆಯ ಸದ್ದಿಗೆ ಕಾಡುಕುರಿ ಒಮ್ಮೆ ಬೊಗಳಿದರೆ ಆ ದಿನದ ಕೆಲಸ ಮುಗಿದಂತೆ. ಕೊಕ್ಕೆ ಸಿಕ್ಕಿಸಿ ಜಾರಿಸುವ ಕಿಟಕಿಯೇ ಲೇಸು.

ಬಟ್ಟೆಯ ಮೇಲೆ ಅಚ್ಚಾಗಿರುವುದು ಅಮೆರಿಕದ ಶರತ್ಕಾಲದ ಒಣ ಓಕ್ ಎಲೆ. ಕೆಂಪು, ಕಿತ್ತಳೆ ಬಣ್ಣವನ್ನು ಜಿಂಕೆಯ ಕಣ್ಣು ಸರಿಯಾಗಿ ಗುರುತಿಸದು, ಹಾಗಾಗಿ ಅದಕ್ಕೆ ಇದು ದೊಡ್ಡ ವ್ಯತ್ಯಾಸವಲ್ಲ. ಹಕ್ಕಿಗಳಿಗೆ ಬಣ್ಣ ನಮಗಿಂತ ಚೆನ್ನಾಗಿ ಕಾಣುತ್ತದೆ. ಕಾಫಿ ಗಿಡ ಕಸಿ ಮಾಡಿದಾಗ (ಸವರಿದಾಗ) ಬಿದ್ದ ರೆಕ್ಕೆ, ಕಮ್ಯುನಿಸ್ಟ್ ಗಿಡವೆಂಬ ಕಳೆ, ಜರೀಗಿಡಗಳನ್ನು ಗೋಡೆಯ ಕುಣಿಕೆಗಳಿಗೆ ಸಿಕ್ಕಿಸಿ ಚೌಕದ ಅಂಚುಗಳನ್ನು ಮುರಿಯಿರಿ, ಮುಖ್ಯವಾಗಿ ಛಾವಣಿಯ ಗೆರೆಯನ್ನು. ಕಡೂರಿನ ಬಾಸೂರು ಕಾವಲಿನಂಥ ಹುಲ್ಲುಬಯಲಿನಲ್ಲಿ ಎಷ್ಟು ಸೊಪ್ಪು ಕಟ್ಟಿದರೂ ಗೂಡು ಗುಡ್ಡದಂತೆ ಎದ್ದು ಕಾಣುತ್ತದೆ. ತೋಟದಲ್ಲೂ ಕೂರುವ ಒಂದು ವಾರ ಮೊದಲೇ ಹೂಡಿಟ್ಟರೆ ಪ್ರಾಣಿಗಳು ಅದಕ್ಕೆ ಒಗ್ಗಿಕೊಳ್ಳುತ್ತವೆ.

ವಾಸನೆಯನ್ನು ಬಟ್ಟೆ ತಡೆಯುವುದಿಲ್ಲ. ಗುಡ್ಡದಲ್ಲಿ ಬೆಳಗಿನ ಜಾವದ ತಣ್ಣನೆ ಗಾಳಿ ಕೆಳಕ್ಕೆ ಇಳಿಯುತ್ತದೆ, ಬಿಸಿಲೇರಿದ ಮೇಲೆ ಮೇಲಕ್ಕೆ ತಿರುಗುತ್ತದೆ. ಚಿಟಿಕೆ ಬೂದಿ ಉದುರಿಸಿ ನೋಡಿ, ಅದು ಪ್ರಾಣಿ ಬರುವ ದಾರಿಯತ್ತ ಹಾರಿದರೆ ಜಾಗ ಬದಲಿಸಿ.

ಜೊತೆಗೆ ಕೊಡುವ ತೆಳು ಗೂಟಗಳು ನಮ್ಮ ಜಲ್ಲಿ ಮಣ್ಣಿಗೆ ಬಾಗುತ್ತವೆ. ಒಂದು ಅಡಿ ಉದ್ದದ ಕಬ್ಬಿಣದ ಸರಳನ್ನು ತುದಿ ಬಗ್ಗಿಸಿ ಮಾಡಿಸಿಕೊಳ್ಳಿ, ನಾಲ್ಕು ಮೂಲೆಗೆ ನಾಲ್ಕು, ಹಬ್ಬಿನ ಹಗ್ಗಗಳಿಗೆ ಇನ್ನು ನಾಲ್ಕು. ನೆಲಹಾಸು ಇರುವುದಿಲ್ಲ. ಒಳಗಿನ ತರಗೆಲೆಯನ್ನು ಮಣ್ಣು ಕಾಣುವವರೆಗೆ ಗುಡಿಸಿದರೆ ಕಾಲಡಿಯ ಸದ್ದೂ ಇರದು, ರಕ್ತ ಹೀರುವ ಉಣ್ಣಿಯೂ ಕಡಿಮೆ. ಕೊಪ್ಪ, ಎನ್.ಆರ್.ಪುರದ ಕಡೆ ಬೇಸಿಗೆಯಲ್ಲಿ ಉಣ್ಣಿಯಿಂದ ಹರಡುವ ಮಂಗನ ಕಾಯಿಲೆಯ ಭಯವಿರುವುದರಿಂದ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳದೆ ಕೂರಬಾರದು.

ಮಳೆಗಾಲಕ್ಕೆ ಇದು ಆಗದು. ಛಾವಣಿಯಲ್ಲಿ ನೀರು ನಿಂತು ಕಡ್ಡಿ ಬಾಗುತ್ತದೆ, ಕೆಳಗಿನಿಂದ ಇಂಬಳ ನುಗ್ಗುತ್ತದೆ. ಒದ್ದೆಯಲ್ಲೇ ಮಡಚಿಟ್ಟರೆ ಬೂಷ್ಟು ಹಿಡಿದು ಒಳಗಿನ ಕಪ್ಪು ಲೇಪ ಪದರ ಪದರವಾಗಿ ಏಳುತ್ತದೆ. ಲೇಪ ಎದ್ದಲ್ಲೆಲ್ಲ ಬೆಳಕು ಸೋರುತ್ತದೆ, ಆಮೇಲೆ ಆ ಗೂಡು ಮರೆಯಾಗಿ ಉಳಿಯುವುದಿಲ್ಲ. ಇಬ್ಬನಿಯಲ್ಲಿ ನೆನೆದದ್ದನ್ನೂ ನೆರಳಿನಲ್ಲಿ ಪೂರ್ತಿ ಒಣಗಿಸಿಯೇ ಚೀಲಕ್ಕೆ ಹಾಕಿ.

ಇನ್ನು ಆನೆ. ಸಕಲೇಶಪುರ, ಆಲೂರು, ಬೇಲೂರಿನ ತೋಟಗಳಲ್ಲಿ ಆನೆ ಯಾವ ಬದಿಯಿಂದ ಬರುತ್ತದೆಂದು ಒಂದೇ ಕಿಟಕಿ ತೆರೆದು ಕೂತವರಿಗೆ ತಿಳಿಯುವುದಿಲ್ಲ, ಬಟ್ಟೆಯ ಗೋಡೆ ಯಾವ ರಕ್ಷಣೆಯೂ ಅಲ್ಲ. ಆನೆಗಳ ಓಡಾಟ ತಿಳಿಸುವ ಅರಣ್ಯ ಇಲಾಖೆಯ ಆನೆ ಕಾರ್ಯಪಡೆಯವರ ಸಂದೇಶ ನೋಡಿಯೇ ಹೊರಡಿ, ಹೊರಗೆ ಕಾವಲಿಗೆ ಒಬ್ಬರಿರಲಿ, ಸಂಜೆ ಐದಕ್ಕೆ ಗೂಡು ಬಿಟ್ಟು ಎದ್ದುಬಿಡಿ. ಮಡಚಲು ಹೊತ್ತಿಲ್ಲದಿದ್ದರೆ ಅದು ಅಲ್ಲೇ ಇರಲಿ, ಬೆಳಗ್ಗೆ ಬಂದು ತಂದರಾಯಿತು.