ಒಂದೇ ಗಾಡಿಗೆ ಎರಡು ಕಂಟ್ರೋಲರ್: ಐಜಿಬಿಟಿ ಮತ್ತು ಸಿಲಿಕಾನ್ ಕಾರ್ಬೈಡ್

ಡೀಸೆಲ್ ಎಂಜಿನ್ ಇಳಿಸಿ ವಿದ್ಯುತ್ ಮೋಟಾರ್ ಕೂರಿಸಿದ ಸರಕು ಗಾಡಿಯೊಂದಕ್ಕೆ ತುಮಕೂರಿನ ನಮ್ಮ ಕಾರ್ಯಾಗಾರದಲ್ಲಿ ಎರಡು ಬಗೆಯ ಮೋಟಾರ್ ಕಂಟ್ರೋಲರ್ (ಬ್ಯಾಟರಿಯ ವಿದ್ಯುತ್ತನ್ನು ಮೋಟಾರ್‌ಗೆ ಬೇಕಾದಂತೆ ಹದಮಾಡಿ ಕೊಡುವ ಸಾಧನ) ಕಟ್ಟಿ, ಒಂದಾದ ಮೇಲೊಂದರಂತೆ ಅಳವಡಿಸಿ ಓಡಿಸಿ ನೋಡಿದ್ದೇವೆ. ಬ್ಯಾಟರಿ ಪ್ಯಾಕ್ ಎರಡಕ್ಕೂ ಒಂದೇ. ನೂರು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್‌ಗಳ ಸರಣಿಯಾದ್ದರಿಂದ ಸಾಮಾನ್ಯವಾಗಿ 320 ವೋಲ್ಟ್, ಪೂರ್ತಿ ತುಂಬಿದಾಗ 365 ವೋಲ್ಟ್. ಮೋಟಾರ್, ಅದು ಎಷ್ಟು ತಿರುಗಿದೆ ಎಂದು ತಿಳಿಸುವ ರಿಸಾಲ್ವರ್, ನಿಯಂತ್ರಣ ಬೋರ್ಡ್ ಇವೂ ಬದಲಾಗಿಲ್ಲ. ಮೊದಲ ಕಂಟ್ರೋಲರ್‌ನಲ್ಲಿ 1200 ವೋಲ್ಟ್, 300 ಆಂಪಿಯರ್‌ನ ಮೂರು ಐಜಿಬಿಟಿ ಮಾಡ್ಯೂಲ್‌ಗಳಿವೆ. ಐಜಿಬಿಟಿ ಎಂದರೆ ಕರೆಂಟನ್ನು ಬೇಗ ಬೇಗ ಹರಿಸಿ ತಡೆಯುವ ಸಿಲಿಕಾನ್ ಸ್ವಿಚ್. ಎರಡನೆಯದರಲ್ಲಿ ಪ್ರತಿ ಸ್ವಿಚ್‌ಗೆ 20 ಮಿಲಿಓಮ್‌ನ ನಾಲ್ಕು ಸಿಲಿಕಾನ್ ಕಾರ್ಬೈಡ್ ಮಾಸ್ಫೆಟ್‌ಗಳನ್ನು (ಇನ್ನೊಂದು ಬಗೆಯ ಎಲೆಕ್ಟ್ರಾನಿಕ್ ಸ್ವಿಚ್) ಸಮಾಂತರವಾಗಿ ಜೋಡಿಸಲಾಗಿದೆ. ಅವುಗಳ ಮಿತಿ 650 ವೋಲ್ಟ್.

ಬಿ.ಎಚ್. ರಸ್ತೆಯ ಸಮತಟ್ಟಿನಲ್ಲಿ ನಿಧಾನವಾಗಿ ಸಾಗುವಾಗ ಗಾಡಿ ಎಳೆಯುವುದು 40 ಆಂಪಿಯರ್ ಆಸುಪಾಸು. ಅಷ್ಟು ಕಡಿಮೆ ಕರೆಂಟ್‌ನಲ್ಲೂ ಐಜಿಬಿಟಿ ತನ್ನ ಮೇಲೆ ಸುಮಾರು ಒಂದು ವೋಲ್ಟ್ ಉಳಿಸಿಕೊಳ್ಳುತ್ತದೆ, ಅಂದರೆ 40 ವಾಟ್ ಶಾಖವಾಗಿ ಹೋಗುತ್ತದೆ. ನಾಲ್ಕು ಮಾಸ್ಫೆಟ್‌ಗಳ ಒಟ್ಟು ರೋಧ ಐದೇ ಮಿಲಿಓಮ್ ಆದ್ದರಿಂದ ಅದೇ ಕರೆಂಟ್‌ಗೆ ಅಲ್ಲಿ ನಷ್ಟವಾಗುವುದು 8 ವಾಟ್ ಮಾತ್ರ. ಆದರೆ ಸರಕು ತುಂಬಿ ದೇವರಾಯನದುರ್ಗದ ಏರು ಹತ್ತುವಾಗ ಕರೆಂಟ್ 200 ಆಂಪಿಯರ್ ಮುಟ್ಟುತ್ತದೆ, ಬಿಸಿಯಾದ ಮಾಸ್ಫೆಟ್‌ನ ರೋಧವೂ ಏರುತ್ತದೆ. ಏಳು ಮಿಲಿಓಮ್ ಎಂದು ಹಿಡಿದರೆ 1.4 ವೋಲ್ಟ್, ಅಂದರೆ ಐಜಿಬಿಟಿಗೆ ಹತ್ತಿರ ಹತ್ತಿರವೇ ಬಂದುಬಿಡುತ್ತದೆ. ಹಾಗಾಗಿ ಈ ನಷ್ಟದ ಮಟ್ಟಿಗೆ ಸಿಲಿಕಾನ್ ಕಾರ್ಬೈಡ್‌ನ ದೊಡ್ಡ ಲಾಭವಿರುವುದು ಭಾರದ ಏರಿನಲ್ಲಲ್ಲ, ದಿನವಿಡೀ ಹಗುರವಾಗಿ ಓಡುವ ಪೇಟೆಯ ರಸ್ತೆಯಲ್ಲಿ. ಕೊಂಡುಕೊಳ್ಳುವವರು ಹೆಚ್ಚಾಗಿ ಇದಕ್ಕೆ ತದ್ವಿರುದ್ಧವಾಗಿ ಭಾವಿಸಿರುತ್ತಾರೆ.

ನಿಧಾನ ಚಲನೆಯಲ್ಲಿ ಐಜಿಬಿಟಿ ಗಾಡಿ ಸಣ್ಣಗೆ ಜರ್ಕ್ ಹೊಡೆಯುತ್ತಿತ್ತು. ಇದು ಮೋಟಾರ್‌ನ ದೋಷವಲ್ಲ. ಬ್ಯಾಟರಿಯ ಪ್ಲಸ್ ಕಡೆಯ ಮೇಲಿನ ಸ್ವಿಚ್ ಮತ್ತು ಮೈನಸ್ ಕಡೆಯ ಕೆಳಗಿನ ಸ್ವಿಚ್ ಒಟ್ಟಿಗೇ ಆನ್ ಆಗದಿರಲೆಂದು ನಡುವೆ ಇಡುವ ಡೆಡ್ ಟೈಮ್ ಇಲ್ಲಿ ಎರಡು ಮೈಕ್ರೋಸೆಕೆಂಡ್. 8 ಕಿಲೋಹರ್ಟ್ಸ್ ಸ್ವಿಚಿಂಗ್‌ನಲ್ಲಿ, ಅಂದರೆ ಸ್ವಿಚ್ ಸೆಕೆಂಡಿಗೆ ಎಂಟು ಸಾವಿರ ಸಲ ಆನ್-ಆಫ್ ಆಗುವಾಗ, ಅದು ಐದು ವೋಲ್ಟ್‌ನಷ್ಟು ತಪ್ಪನ್ನು ಸೇರಿಸುತ್ತದೆ. ವೇಗದಲ್ಲಿ ಅದು ಲೆಕ್ಕಕ್ಕಿಲ್ಲ, ಆದರೆ ಮೋಟಾರ್‌ಗೆ ಹತ್ತಿಪ್ಪತ್ತು ವೋಲ್ಟ್ ಸಾಕಾಗುವಷ್ಟು ನಿಧಾನವಾಗಿ ಚಲಿಸುವಾಗ ಐದು ವೋಲ್ಟ್ ದೊಡ್ಡ ಪಾಲು. ಕರೆಂಟ್‌ನ ದಿಕ್ಕು ನೋಡಿ ಸರಿದೂಗಿಸುವ ಭಾಗವನ್ನು ತಂತ್ರಾಂಶದಲ್ಲಿ ಸೇರಿಸಿದ ಮೇಲೆ ಜರ್ಕ್ ಬಹುಮಟ್ಟಿಗೆ ಹೋಯಿತು. ಸಿಲಿಕಾನ್ ಕಾರ್ಬೈಡ್‌ನಲ್ಲಿ 16 ಕಿಲೋಹರ್ಟ್ಸ್, 300 ನ್ಯಾನೋಸೆಕೆಂಡ್ ಇಟ್ಟಿದ್ದರಿಂದ ತಪ್ಪು ಒಂದೂವರೆ ವೋಲ್ಟ್‌ಗೆ ಇಳಿದು, ಈ ತೊಂದರೆ ಅನುಭವಕ್ಕೇ ಬರಲಿಲ್ಲ. ಮೋಟಾರ್‌ನ ಕೀರಲು ದನಿಯೂ ಕಿವಿಗೆ ಬೀಳದಷ್ಟು ಕಡಿಮೆಯಾಯಿತು.

ಆ ಸುಖಕ್ಕೆ ತೆರಬೇಕಾದ ಬೆಲೆ ವಿನ್ಯಾಸದಲ್ಲಿದೆ. 200 ಆಂಪಿಯರ್ ಕರೆಂಟ್ 40 ನ್ಯಾನೋಸೆಕೆಂಡ್‌ನಲ್ಲಿ ನಿಂತರೆ, ಕೆಪಾಸಿಟರ್‌ನಿಂದ ಸ್ವಿಚ್‌ವರೆಗಿನ ದಾರಿಯ ಇಂಡಕ್ಟನ್ಸ್ (ಕರೆಂಟ್‌ನ ದಿಢೀರ್ ಬದಲಾವಣೆಯನ್ನು ತಡೆಯುವ ಗುಣ) 30 ನ್ಯಾನೋಹೆನ್ರಿ ಇದ್ದರೂ 150 ವೋಲ್ಟ್ ಚಿಮ್ಮುತ್ತದೆ. ಬ್ಯಾಟರಿ ತುಂಬಿದ್ದಾಗ ಒಟ್ಟು 515. ಅದೇ ದಾರಿ 60 ನ್ಯಾನೋಹೆನ್ರಿ ಆಗಿಬಿಟ್ಟರೆ 665 ವೋಲ್ಟ್, ಮಾಸ್ಫೆಟ್‌ನ ಮಿತಿಯನ್ನೇ ದಾಟುತ್ತದೆ. ಆದಕಾರಣ ಎರಡು ತಾಮ್ರದ ಹಾಳೆಗಳನ್ನು ತೆಳುವಾದ ಇನ್ಸುಲೇಶನ್ ಹಾಳೆಯ ಎರಡು ಬದಿಗೆ ಒತ್ತಿ ಬಸ್‌ಬಾರ್ ಮಾಡಿ, ಫಿಲ್ಮ್ ಕೆಪಾಸಿಟರ್‌ಗಳನ್ನು ಸ್ವಿಚ್‌ಗಳ ಪಕ್ಕಕ್ಕೇ ತರಬೇಕು. ಪ್ರತಿ ಮಾಸ್ಫೆಟ್‌ನ ಗೇಟ್‌ಗೂ (ಅದನ್ನು ಆನ್-ಆಫ್ ಮಾಡುವ ತುದಿ) ಬೇರೆ ರೆಸಿಸ್ಟರ್ ಕೊಟ್ಟು, ಗೇಟ್ ದಾರಿಗಳ ಉದ್ದವನ್ನು ಸಮ ಮಾಡಬೇಕು. ಐಜಿಬಿಟಿ ಇದಕ್ಕಿಂತ ನಿಧಾನವಾಗಿ ಆಫ್ ಆಗುತ್ತದೆ, 1200 ವೋಲ್ಟ್‌ವರೆಗೆ ತಾಳುತ್ತದೆ. ಶಾರ್ಟ್ ಸರ್ಕ್ಯೂಟ್ ಆದರೂ ಸಾಮಾನ್ಯವಾಗಿ ಹತ್ತು ಮೈಕ್ರೋಸೆಕೆಂಡ್ ತಡೆದುಕೊಳ್ಳುವುದರಿಂದ ರಕ್ಷಣಾ ಸರ್ಕ್ಯೂಟ್‌ಗೆ ಸಮಯ ಸಿಗುತ್ತದೆ. ಸಿಲಿಕಾನ್ ಕಾರ್ಬೈಡ್ ಅನ್ನು ಎರಡು ಮೂರು ಮೈಕ್ರೋಸೆಕೆಂಡ್‌ಗಳಲ್ಲಿ ಆಫ್ ಮಾಡಬೇಕು.

ದೋಷ ಹುಡುಕುವ ಕೆಲಸದಲ್ಲಿ ಈ ವ್ಯತ್ಯಾಸ ಇನ್ನೂ ಎದ್ದು ಕಾಣುತ್ತದೆ. ಸಿಲಿಕಾನ್ ಕಾರ್ಬೈಡ್ ಕಂಟ್ರೋಲರ್ ಕೆಲವೊಮ್ಮೆ ಓವರ್‌ಕರೆಂಟ್ ಎಂದು ತೋರಿಸಿ ಟ್ರಿಪ್ ಆಗುತ್ತಿತ್ತು, ಅದೂ ಬ್ಯಾಟರಿ ಪೂರ್ತಿ ತುಂಬಿರುವಾಗ. ಮೋಟಾರ್‌ನ ಮೂರೂ ಕೇಬಲ್ ಕಳಚಿ, ಹೊರೆಯೇ ಇಲ್ಲದೆ, ಕರೆಂಟ್‌ಗೆ ಮಿತಿ ಹಾಕಿದ ಸಪ್ಲೈನಿಂದ ವೋಲ್ಟೇಜ್ ಏರಿಸುತ್ತಾ ಹೋದಾಗಲೂ 350 ದಾಟುತ್ತಲೇ ಟ್ರಿಪ್ ಬಂದಿತು. ಮೋಟಾರ್‌ಗೆ ಹರಿಯುವ ಕರೆಂಟೇ ಇಲ್ಲದಿರುವಾಗ ಹೊರೆಯಿಂದ ಓವರ್‌ಕರೆಂಟ್ ಆಗಲು ಸಾಧ್ಯವಿಲ್ಲ; ಹಾಗಾದರೆ ಅದು ವಿದ್ಯುತ್ ಗದ್ದಲದಿಂದ ಹುಟ್ಟಿದ ಸುಳ್ಳು ಸೂಚನೆ ಇರಬಹುದು. ಆಸಿಲೋಸ್ಕೋಪ್‌ನಲ್ಲಿ ದೋಷದ ಸಿಗ್ನಲ್ ಪ್ರತಿ ಸಲವೂ ಪಕ್ಕದ ಫೇಸ್ (ಮೋಟಾರ್‌ನ ಮೂರು ಕೇಬಲ್‌ಗಳಲ್ಲಿ ಇನ್ನೊಂದರ ಭಾಗ) ಸ್ವಿಚ್ ಆಗುವ ಗಳಿಗೆಯಲ್ಲೇ ಏಳುತ್ತಿತ್ತು. ಗೇಟ್ ಡ್ರೈವರ್‌ಗೆ (ಗೇಟ್‌ಗಳನ್ನು ನಡೆಸುವ ಸರ್ಕ್ಯೂಟ್) ಕರೆಂಟ್ ಕೊಡುವ ಐಸೊಲೇಟೆಡ್ ಸಪ್ಲೈನ ಎರಡು ಬದಿಗಳ ನಡುವಿನ ಕೆಪಾಸಿಟನ್ಸ್ ಮೂಲಕ ಆ ಗದ್ದಲ ನಿಯಂತ್ರಣ ಬೋರ್ಡ್‌ಗೆ ದಾಟುತ್ತಿತ್ತು. ಕಡಿಮೆ ಕೆಪಾಸಿಟನ್ಸ್‌ನ ಸಪ್ಲೈ ಹಾಕಿ, ದೋಷದ ಸಿಗ್ನಲ್ಲನ್ನು ಜೋಡಿ ತಂತಿಯಲ್ಲಿ ಡಿಫರೆನ್ಷಿಯಲ್ ಆಗಿ (ಎರಡರ ವೋಲ್ಟೇಜ್ ವ್ಯತ್ಯಾಸವಾಗಿ) ಕಳಿಸಿದ ಮೇಲೆ ಅದು ಮರುಕಳಿಸಿಲ್ಲ.

ಗೇಟ್ ಅಳೆಯುವಾಗಲೂ ಎಚ್ಚರ ಬೇಕು. ಪ್ರೋಬ್‌ನ ಉದ್ದನೆಯ ಕ್ಲಿಪ್ ತಂತಿಯನ್ನು ಗ್ರೌಂಡ್‌ಗೆ ಸಿಕ್ಕಿಸಿ ನೋಡಿದರೆ, ಆಫ್ ಆಗಿರಬೇಕಾದ ಮಾಸ್ಫೆಟ್‌ನ ಗೇಟ್ ಮೇಲೆ ದೊಡ್ಡ ಉಬ್ಬು ಕಾಣುತ್ತದೆ. ತುದಿಗೆ ಸಣ್ಣ ಸ್ಪ್ರಿಂಗ್ ಗ್ರೌಂಡ್ ಹಾಕಿ ಅದೇ ಜಾಗ ಮುಟ್ಟಿಸಿದರೆ ಉಬ್ಬಿನ ಬಹುಪಾಲು ಮಾಯವಾಗುತ್ತದೆ. ಉಳಿದದ್ದು ನಿಜವಾದ ಉಬ್ಬು. ಅದರಿಂದ ಮಾಸ್ಫೆಟ್ ತಪ್ಪಾಗಿ ಆನ್ ಆಗದಿರಲೆಂದೇ ಆಫ್ ಸ್ಥಿತಿಯಲ್ಲಿ ಗೇಟ್‌ಗೆ ಮೈನಸ್ ನಾಲ್ಕು ವೋಲ್ಟ್ ಕೊಟ್ಟಿದ್ದೇವೆ. ಮೇಲಿನ ಸ್ವಿಚ್‌ನ ಗೇಟ್‌ಗೆ ಡಿಫರೆನ್ಷಿಯಲ್ ಪ್ರೋಬ್ ಇಲ್ಲದೆ ಕೈ ಹಾಕಲೇಬಾರದು; ಯಾವುದನ್ನು ಮುಟ್ಟುವ ಮೊದಲೂ ಕೆಪಾಸಿಟರ್ ಖಾಲಿಯಾಗಿದೆಯೇ ಎಂದು ಮೀಟರ್‌ನಿಂದ ನೋಡಬೇಕು.

ಏರಿನ ತಿರುವಿನಲ್ಲಿ ಬ್ರೇಕ್ ಒತ್ತದೆ ಮೋಟಾರ್ ಬಲದಿಂದಲೇ ಗಾಡಿ ನಿಲ್ಲಿಸಿ ಹಿಡಿದರೆ ಎರಡೂ ಕಂಟ್ರೋಲರ್‌ಗಳಿಗೆ ಕಷ್ಟ. ತಿರುಗುವ ಮೋಟಾರ್‌ನಲ್ಲಿ ಮೂರು ಫೇಸ್‌ಗಳು ಹೊರೆ ಹಂಚಿಕೊಳ್ಳುತ್ತವೆ; ನಿಂತ ಮೋಟಾರ್‌ನಲ್ಲಿ ಒಂದೇ ಫೇಸ್ ಗರಿಷ್ಠ ಕರೆಂಟನ್ನು ಬಿಡದೆ ಹೊರಬೇಕಾಗಬಹುದು, ಒಳಗಿನ ಚಿಪ್ ಬಿಸಿಯಾಗುವಷ್ಟು ಬೇಗ ಹೀಟ್‌ಸಿಂಕ್ ಮೇಲಿನ ಸೆನ್ಸರ್‌ಗೆ ಅದು ತಿಳಿಯುವುದಿಲ್ಲ. ಶೂನ್ಯ ವೇಗದ ಹತ್ತಿರ ಸ್ವಿಚಿಂಗ್ ಇಳಿಸಿ, ಕರೆಂಟ್‌ಗೆ ಸಮಯದ ಮಿತಿ ಹಾಕಿದ್ದೇವೆ. ಐಜಿಬಿಟಿಯ ಚಿಪ್ ದೊಡ್ಡದಾದ್ದರಿಂದ ಇಂಥ ಕ್ಷಣಗಳಲ್ಲಿ ನನಗೆ ಅದರ ಮೇಲೆಯೇ ಹೆಚ್ಚು ಭರವಸೆ.

ರಿಪೇರಿಯಲ್ಲೂ ಅದೇ ಮಾತು. ಇಂಥ ಐಜಿಬಿಟಿ ಮಾಡ್ಯೂಲ್‌ಗಳು ಕಾರ್ಖಾನೆಗಳ ಡ್ರೈವ್‌ಗಳಲ್ಲೂ ಬಳಕೆಯಲ್ಲಿವೆ, ಸ್ಕ್ರೂ ಬಿಚ್ಚಿ ಬದಲಿಸಬಹುದು. ಸಮಾಂತರ ಮಾಸ್ಫೆಟ್‌ಗಳಲ್ಲಿ ಒಂದು ಸುಟ್ಟರೂ ಆ ಸ್ವಿಚ್‌ನ ನಾಲ್ಕನ್ನೂ, ಗೇಟ್ ಡ್ರೈವರ್ ಸಮೇತ, ಬದಲಿಸುವುದು ಒಳ್ಳೆಯದು. ಹೀಗಾಗಿ ಅಂತರಸನಹಳ್ಳಿ ಮಾರುಕಟ್ಟೆಗೆ ತರಕಾರಿ ಹೊರುವ, ಒಂದು ದಿನ ನಿಂತರೂ ಮಾಲೀಕರಿಗೆ ನಷ್ಟವಾಗುವ ಈ ಗಾಡಿಯಲ್ಲಿ ಐಜಿಬಿಟಿಯನ್ನೇ ಉಳಿಸಿದ್ದೇವೆ. ಸಿಲಿಕಾನ್ ಕಾರ್ಬೈಡ್ ಕಂಟ್ರೋಲರ್ ಪೇಟೆಯೊಳಗೇ ಓಡುವ ಹಗುರ ವ್ಯಾನ್ ಒಂದಕ್ಕೆ ಹೋಗಿದೆ.