ಎರಡು ಕೋರ್ಸ್, ಒಂದು ಮಮ್ಮಿ

ಹೈದರಾಬಾದಿನ ರಾಜ್ಯ ಮ್ಯೂಸಿಯಂನಲ್ಲಿ ಈಜಿಪ್ಟಿನ ಒಂದು ಮಮ್ಮಿ ಇದೆ, ಅಂದರೆ ಕೆಡದಂತೆ ಒಣಗಿಸಿ ಬಟ್ಟೆ ಸುತ್ತಿಟ್ಟ ಹೆಣ. ನಿಜಾಮರ ಕಾಲದಲ್ಲಿ ಬಂದದ್ದು. ಹೆಸರು ನೈಶು. ಮೊದಲ ಸಲ ಹೋದಾಗ ಅದರ ಮುಂದೆ ಐದು ನಿಮಿಷವೂ ನಿಲ್ಲಲಿಲ್ಲ. "ಆರನೇ ಫೇರೋನ ಮಗಳಂತೆ" ಅಂದರು ಪಕ್ಕದವರು. ಫೇರೋ ಅಂದರೆ ಹಳೇ ಈಜಿಪ್ಟಿನ ರಾಜ. ನಾನೂ ಹೂಂ ಅಂದೆ. ಬಿರಿಯಾನಿಗೆ ಹೊತ್ತಾಯಿತು ಅಂತ ಹೊರಟೆ. ತಪ್ಪು ಮ್ಯೂಸಿಯಂನದಲ್ಲ. ನನಗೆ ಏನೂ ಗೊತ್ತಿರಲಿಲ್ಲ, ಅಷ್ಟೆ.

ಊರಿಗೆ ಬಂದ ಮೇಲೆ ಆ ಐದು ನಿಮಿಷ ಚುಚ್ಚತೊಡಗಿತು. ಎರಡು ಆನ್‌ಲೈನ್ ಕೋರ್ಸ್ ಹಿಡಿದೆ. ಎರಡೂ ಮ್ಯೂಸಿಯಂ ವಸ್ತುಗಳನ್ನು ಮುಂದಿಟ್ಟುಕೊಂಡು ಪಾಠ ಹೇಳುವಂಥವು. ಒಂದು ಫಿಲಡೆಲ್ಫಿಯಾದ ಪೆನ್ ಮ್ಯೂಸಿಯಂನ ಸಂಗ್ರಹದ್ದು, ಡೇವಿಡ್ ಸಿಲ್ವರ್‌ಮನ್ ಅವರ ಪಾಠ. ಇನ್ನೊಂದು ಮ್ಯಾಂಚೆಸ್ಟರ್ ಮ್ಯೂಸಿಯಂನ ಆರು ವಸ್ತುಗಳ ಮೇಲೆ ಜಾಯ್ಸ್ ಟಿಲ್ಡ್‌ಸ್ಲಿ ಹೇಳುವ ಕಥೆ.

ಪೆನ್ ಕೋರ್ಸ್ ಶುದ್ಧ ಮೇಷ್ಟ್ರ ಪಾಠ. ಕಾಲಗಣನೆ, ರಾಜರು, ದೇವರುಗಳು, ಮಮ್ಮಿ, ಹೀಗೆ ಒಂದೊಂದಾಗಿ ಬರುತ್ತದೆ. ಸುಮಾರು ಮೂವತ್ತು ರಾಜವಂಶ. ಹಳೆಯ, ಮಧ್ಯ, ಹೊಸ ಸಾಮ್ರಾಜ್ಯ ಅಂತ ಮೂರು ದೊಡ್ಡ ಕಾಲ, ನಡುನಡುವೆ ನಾಡು ಒಡೆದ ಕಾಲ. ಮೆಂಟುಹೊಟೆಪ್, ಅಮೆನೆಮ್‌ಹಾಟ್, ಸೆನುಸ್ರೆಟ್ ಎಂಬ ರಾಜರೆಲ್ಲ ನನ್ನ ತಲೆಯಲ್ಲಿ ಕಲಸಿಹೋದರು. ರಾತ್ರಿ ಊಟ ಆದ ಮೇಲೆ ಕೇಳುತ್ತಿದ್ದೆ, ಎರಡು ಸಲ ನಿದ್ದೆಯೇ ಬಂತು. ಕೊನೆಗೆ ಹಳೇ ಕ್ಯಾಲೆಂಡರ್ ಹಾಳೆಯ ಹಿಂದೆ ಒಂದು ಪಟ್ಟಿ ಬರೆದುಕೊಂಡೆ. ಆಗ ಕಣ್ಣಿಗೆ ಬಿದ್ದ ಸಂಗತಿ: ರಾಜ ತೂತನ್‌ಖಾಮುನ್ ಹುಟ್ಟುವ ಹೊತ್ತಿಗೇ ಗೀಜಾದ ಪಿರಮಿಡ್ಡುಗಳಿಗೆ ಸಾವಿರ ವರ್ಷ ದಾಟಿತ್ತು! ಅವನಿಗೂ ಅವು ಪುರಾತನವೇ.

ಪೆನ್ ಮ್ಯೂಸಿಯಂನಲ್ಲಿ ಎರಡನೇ ರಾಮ್ಸೆಸ್ ಎಂಬ ಫೇರೋನ ಸ್ಫಿಂಕ್ಸ್ ಇದೆ, ಸಿಂಹದ ಮೈ, ಮನುಷ್ಯನ ತಲೆಯ ಕಲ್ಲಿನ ವಿಗ್ರಹ. ಸುಮಾರು 12.5 ಟನ್ ತೂಕ, 1913ರಲ್ಲಿ ಫಿಲಡೆಲ್ಫಿಯಾಕ್ಕೆ ಬಂದದ್ದು. ಅದರ ನೆಪದಲ್ಲಿ ರಾಮ್ಸೆಸ್ ಬಗ್ಗೆ ಹುಡುಕುತ್ತಾ ಹೋದೆ. ಅವನ ಮಮ್ಮಿಯ ಮೂಗಿನಲ್ಲಿ ಕರಿಮೆಣಸಿನ ಕಾಳು ಸಿಕ್ಕಿದೆಯಂತೆ. ಕರಿಮೆಣಸು ಅಂದರೆ ದಕ್ಷಿಣ ಭಾರತದ ಬೆಳೆ. ಅಮ್ಮನಿಗೆ ಹೇಳಿದೆ. "ನೆಗಡಿಯಾಗಿತ್ತೇನೋ" ಅಂದರು.

ಮ್ಯಾಂಚೆಸ್ಟರ್ ಕೋರ್ಸಿನ ದಾರಿ ಇದಕ್ಕೆ ತಿರುಗುಮುರುಗು. ಮೊದಲು ವಸ್ತು, ಆಮೇಲೆ ಕಾಲ. ಆರೇ ವಸ್ತು, ಆದರೆ ಒಂದೊಂದೂ ಒಂದೊಂದು ಯುಗದ ಬಾಗಿಲು. ರಾಜರ ಹೆಸರು ಬಾಯಿಪಾಠ ಮಾಡುವ ಕಷ್ಟ ಇಲ್ಲ. ನನಗೆ ಜಾಸ್ತಿ ನಾಟಿದ್ದು ಇದೇ. ಸುಮ್ನೆ ಅಲ್ಲ, ಇದು ನನ್ನನ್ನು ಅರಮನೆಯಿಂದ ಎಬ್ಬಿಸಿ ಓಣಿಗೆ ಕಳಿಸಿತು. ಆ ಮ್ಯೂಸಿಯಂ ಬಗ್ಗೆ ನಾನೇ ಹುಡುಕಿ ಓದತೊಡಗಿದೆ. ಅಲ್ಲಿನ ಹತ್ತಿ ವ್ಯಾಪಾರಿ ಜೆಸ್ಸಿ ಹಾವರ್ತ್ ದುಡ್ಡು ಕೊಟ್ಟ, ಪುರಾತತ್ವಜ್ಞ ಫ್ಲಿಂಡರ್ಸ್ ಪೀಟ್ರಿ ಈಜಿಪ್ಟಿನಲ್ಲಿ ಅಗೆದ. ಸಿಕ್ಕ ಊರುಗಳಲ್ಲಿ ಒಂದು ಕಾಹುನ್. ಎರಡನೇ ಸೆನುಸ್ರೆಟ್‌ನ ಪಿರಮಿಡ್ ಕೆಲಸದವರು ಇದ್ದ ಊರು. ಮನೆಗಳ ಮೂಲೆಮೂಲೆಯಲ್ಲೂ ಇಲಿ ಬಿಲ, ಅವಕ್ಕೆ ಕಲ್ಲು-ಕಸ ತುರುಕಿದ್ದರು! ಅಲ್ಲಿಯ ಮಣ್ಣಿನ ಇಲಿಬೋನು ಮ್ಯಾಂಚೆಸ್ಟರಿನಲ್ಲಿದೆ. ಪೆನ್ ಪಾಠದಲ್ಲಿ ಕಲಸಿಹೋಗಿದ್ದ ಸೆನುಸ್ರೆಟ್ ಈಗ ನೆನಪಿನಲ್ಲಿ ಉಳಿದ, ಇಲಿಯ ದಯೆಯಿಂದ.

ಅದೇ ಮ್ಯೂಸಿಯಂನಲ್ಲಿ "ಇಬ್ಬರು ಸಹೋದರರು" ಎಂಬ ಮಮ್ಮಿಗಳಿವೆ. 1908ರಲ್ಲಿ ಈಜಿಪ್ಟ್ ತಜ್ಞೆ ಮಾರ್ಗರೆಟ್ ಮರ್ರೆ ಆ ಮಮ್ಮಿಗಳ ಸುತ್ತುಬಟ್ಟೆ ಬಿಚ್ಚಿದರು. ಇಬ್ಬರೂ ನಿಜಕ್ಕೂ ಅಣ್ಣತಮ್ಮಂದಿರೇ ಅಲ್ಲವೇ ಅಂತ ಬಹಳ ವರ್ಷ ವಾದ ನಡೆಯಿತು. 2018ರಲ್ಲಿ ಡಿಎನ್‌ಎ ಫಲಿತಾಂಶ ಬಂತು: ತಾಯಿ ಒಬ್ಬಳೇ, ತಂದೆ ಬೇರೆ.

ಆದರೆ ಬರೀ ಮ್ಯಾಂಚೆಸ್ಟರ್ ಸಾಲದು. ಆರು ವಸ್ತುವಿನ ನಡುವೆ ದೊಡ್ಡ ದೊಡ್ಡ ಸಂದುಗಳು ಉಳಿಯುತ್ತವೆ, ಅವನ್ನು ತುಂಬೋಕೆ ಪೆನ್ ಬೇಕು. ಮೊದಲ ಸಲ ಈ ಕಡೆ ಬರುವವರಿಗೆ ನಾನು ಹೇಳುವುದು ಮ್ಯಾಂಚೆಸ್ಟರ್ ಮೊದಲು, ಪೆನ್ ಆಮೇಲೆ ಅಂತ. ನಾನು ಉಲ್ಟಾ ಮಾಡಿ ಒದ್ದಾಡಿದೆ. ಎರಡೂ ಇಂಗ್ಲಿಷಿನಲ್ಲೇ ಇವೆ, ಕೆಳಗೆ ಅಕ್ಷರ ಹಾಕಿಕೊಂಡರೆ ವಿಚಿತ್ರ ಹೆಸರುಗಳು ಕಿವಿಗಿಂತ ಕಣ್ಣಿಗೆ ಸುಲಭ. ಸರ್ಟಿಫಿಕೇಟ್ ನಾನು ತಗೊಂಡಿಲ್ಲ, ಯಾರಿಗೆ ತೋರಿಸಬೇಕು ಅಲ್ವಾ?

ಮತ್ತೆ ಹೈದರಾಬಾದಿಗೆ ಹೋದೆ. ರಾತ್ರಿ ಬಸ್ಸು, ಜೇಬಿನಲ್ಲಿ ಮಡಚಿದ ಕ್ಯಾಲೆಂಡರ್ ಹಾಳೆ. ಈ ಸಲ ನೈಶು ಮುಂದೆ ಒಂದು ಗಂಟೆ ನಿಂತೆ. ಮಮ್ಮಿ ಮಾಡುವುದು ಎಪ್ಪತ್ತು ದಿನದ ಕೆಲಸ. ನೇಟ್ರಾನ್ ಎಂಬ ಉಪ್ಪಿನಲ್ಲಿ ಹೆಣ ಒಣಗಿಸಬೇಕು. ಅದಕ್ಕೂ ಮೊದಲು ಎಡಮಗ್ಗುಲು ಸೀಳಿ ಒಳಗಿನದನ್ನು ತೆಗೆಯಬೇಕು. ಹೃದಯ ಮಾತ್ರ ಮುಟ್ಟಬಾರದು, ಪರಲೋಕದಲ್ಲಿ ಅದನ್ನು ಮಾತ್ ದೇವತೆಯ ಗರಿಯ ಎದುರು ತೂಗುತ್ತಾರೆ. ಹಳೇ ಬಟ್ಟೆಯ ಸುತ್ತು ನೋಡುತ್ತಾ ಇದೆಲ್ಲ ಒಂದೊಂದಾಗಿ ನೆನಪಾಯಿತು.

"ಆರನೇ ಫೇರೋನ ಮಗಳು" ಅಂತ ಈ ಸಲವೂ ಯಾರೋ ಹೇಳಿದರು. ನಾನು ಹಾಳೆ ಬಿಚ್ಚಿದೆ. ಎಲ್ಲಿಂದ ಎಣಿಸಿದರೆ ಆರನೆಯವನು? ಈ ಮಮ್ಮಿ ಗ್ರೀಕ್ ಮೂಲದ ಟಾಲೆಮಿ ರಾಜರ ಕಾಲದ್ದು ಅನ್ನುತ್ತಾರೆ. ಆರನೇ ಟಾಲೆಮಿ ಆಳಿದ್ದು ಕ್ರಿ.ಪೂ. 180ರಿಂದ 145ರವರೆಗೆ. ಅವನೇ ಇರಬಹುದೇ? ಅಥವಾ ಯಾರೋ ಸುಮ್ಮನೆ ಹಬ್ಬಿಸಿದ ಮಾತೇ? ವಾಪಸ್ ಬಸ್ಸಿನಲ್ಲಿ ಕರ್ನೂಲು ದಾಟುವವರೆಗೂ ಹಾಳೆಯ ಮೇಲೆ ಪೆನ್ಸಿಲ್ ಆಡಿಸುತ್ತಿದ್ದೆ.